ರಾತ್ರಿ ಎರಡು ಗಂಟೆಯ ಚಿಲಕ: ಬಳ್ಳಾರಿಯ ಒಂದು ವಿದ್ಯಾರ್ಥಿ ವಸತಿಯ ವಿಮರ್ಶೆ

ಬಳ್ಳಾರಿಯ ಕಂಟೋನ್ಮೆಂಟ್ ಕಡೆ, ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಜ್ಞಾನಸಾಗರ ಆವರಣಕ್ಕೆ ನಡೆದೇ ಹೋಗಬಹುದಾದ ದೂರದಲ್ಲಿರುವ ಒಂದು ಖಾಸಗಿ ವಸತಿಗೃಹದಲ್ಲಿ, ಎಲ್ಲರ ಬಾಯಲ್ಲಿರುವ ಮಾತಿನಲ್ಲಿ ಹೇಳುವುದಾದರೆ ಒಂದು ಪಿ.ಜಿ.ಯಲ್ಲಿ, ನಾನು ಕಳೆದ ಆಗಸ್ಟ್‌ನಿಂದ ಈ ಮೇ ತಿಂಗಳ ಕೊನೆಯವರೆಗೆ ಹತ್ತು ತಿಂಗಳು ಇದ್ದೆ. ಬೆಳಗಿನ ತಿಂಡಿ, ಎರಡು ಹೊತ್ತಿನ ಊಟ ಸೇರಿ ತಿಂಗಳಿಗೆ 5,500 ರೂಪಾಯಿ, ಮುಂಗಡ 5,000, ಕೋಣೆಗೆ ಮೂರು ಮಂಚ. ಈ ಬರಹದಲ್ಲಿ ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಮತ್ತು ವಸತಿಯನ್ನು ನಡೆಸುವ ದಂಪತಿಗೆ ಈ ಬಾಡಿಗೆಯೇ ಜೀವನಾಧಾರವಾಗಿರುವುದರಿಂದ ಅದರ ಹೆಸರನ್ನೂ ಓಣಿಯನ್ನೂ ಬರೆಯುವುದಿಲ್ಲ. ಬಳ್ಳಾರಿಯಲ್ಲಿ ಓದಿದವರಿಗೆ ಇಂಥ ಮನೆ ಒಂದಲ್ಲ, ಹತ್ತು ಗೊತ್ತಿರುತ್ತವೆ.

ವಸತಿ ಹುಡುಕುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ: ರೊಟ್ಟಿ ಕೊಡುತ್ತಾರೋ ಬರೀ ಅನ್ನವೋ, ವೈಫೈ ಇದೆಯೋ, ಗೇಟು ಎಷ್ಟು ಗಂಟೆಗೆ ಹಾಕುತ್ತಾರೆ. ಅವುಗಳಿಗೆ ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತೇನೆ. ಜೋಳದ ರೊಟ್ಟಿ ವಾರಕ್ಕೆ ನಾಲ್ಕು ದಿನ ಇರುತ್ತದೆ, ಅದೂ ಕೈಯಲ್ಲಿ ಬಡಿದ ರೊಟ್ಟಿ. ಪುಂಡಿಪಲ್ಲೆ ಮಾಡಿದ ದಿನ ಎರಡನೆಯ ಸಲ ಕೇಳಿದರೂ ಮುಖ ಸಿಂಡರಿಸದೆ ಬಡಿಸುತ್ತಾರೆ. ವೈಫೈ ಇದೆ, ಮೇಲಿನ ಮಹಡಿಗೆ ಹತ್ತುವಷ್ಟರಲ್ಲಿ ಅದಕ್ಕೆ ಏದುಸಿರು ಬಂದಿರುತ್ತದೆ. ಗೇಟು ಹತ್ತಕ್ಕೆ. ನಾನು ಬರೆಯಹೊರಟಿರುವುದು ಯಾರೂ ಕೇಳದ, ಕೋಣೆ ನೋಡಲು ಅಪ್ಪನೊಂದಿಗೆ ಹೋದ ದಿನ ನಾನೂ ಕೇಳದೆ ಬಿಟ್ಟ ಒಂದು ಪ್ರಶ್ನೆಯ ಬಗ್ಗೆ. ರಾತ್ರಿ ಎರಡು ಗಂಟೆಗೆ ಒಂದಕ್ಕೆ ಹೋಗಬೇಕೆಂದರೆ ಈ ಮನೆಯಲ್ಲಿ ಏನೇನು ಮಾಡಬೇಕಾಗುತ್ತದೆ?

ಮಾಡಬೇಕಾದದ್ದು ಇಷ್ಟು. ಕೋಣೆ ಮೊದಲ ಮಹಡಿಯಲ್ಲಿದೆ, ಶೌಚಾಲಯಗಳು ಕೆಳಗೆ ಹಿತ್ತಲಿನಲ್ಲಿವೆ. ಹನ್ನೊಂದು ಹುಡುಗರಿಗೆ ಎರಡು. ಕೋಣೆಯ ಬಾಗಿಲು ಮರದ್ದು, ಮಳೆಗಾಲದಲ್ಲಿ ಉಬ್ಬಿಕೊಂಡಿದ್ದು ಮತ್ತೆ ತನ್ನ ಅಳತೆಗೆ ಮರಳಲೇ ಇಲ್ಲ. ಅದರ ಕಬ್ಬಿಣದ ಚಿಲಕವನ್ನು ಸುಮ್ಮನೆ ಎಳೆದರೆ ಬರುವುದಿಲ್ಲ. ಎಡಗೈಯಿಂದ ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು, ಬಲಗೈಯಿಂದ ಚಿಲಕವನ್ನು ಒಮ್ಮೆ ಹಿಂದಕ್ಕೆ ತಳ್ಳಿ, ಆಮೇಲೆ ಜಗ್ಗಬೇಕು. ಆಗ ಅದು ಬಂದೂಕು ಹಾರಿದಂತೆ ಸದ್ದು ಮಾಡಿ ಬಿಟ್ಟುಕೊಳ್ಳುತ್ತದೆ. ನಂತರ ಹೊರಗಿನ ಮೆಟ್ಟಿಲು, ಲೆಕ್ಕ ಹಾಕಿ ಹದಿನಾರು. ಮೆಟ್ಟಿಲಿನ ದೀಪದ ಸ್ವಿಚ್ಚು ಮೆಟ್ಟಿಲಿನ ಕೆಳಗಿದೆ, ಅಂದರೆ ಇಳಿಯುವವನಿಗೆ ಬೆಳಕು ಬೇಕಾದಾಗ ಅದು ಕೈಗೆ ಎಟುಕುವುದಿಲ್ಲ, ಎಟುಕಿದಾಗ ಬೇಕಾಗುವುದಿಲ್ಲ. ಹಿತ್ತಲಿನ ಟ್ಯೂಬ್‌ಲೈಟು ನಾಲ್ಕಾರು ಸಲ ಕಣ್ಣು ಮಿಟುಕಿಸಿದ ಮೇಲೆ ಪೂರ್ತಿ ಹೊತ್ತಿಕೊಂಡು ಮುಖಕ್ಕೆ ರಾಚುತ್ತದೆ. ಪಕ್ಕದ ಮನೆಯ ನಾಯಿ ಬೊಗಳುತ್ತದೆ. ಬಕೆಟ್ಟಿನಲ್ಲಿ ನೀರಿಲ್ಲದಿದ್ದರೆ ನಲ್ಲಿ ತಿರುಗಿಸಿ ತುಂಬುವವರೆಗೆ ನಿಲ್ಲಬೇಕು. ಮಲಗಿದಲ್ಲಿಂದ ಎದ್ದು ಮತ್ತೆ ಮಲಗುವವರೆಗೆ ಏಳು ನಿಮಿಷ ಹಿಡಿಯುತ್ತದೆ ಎಂದು ಗಡಿಯಾರ ನೋಡಿ ತಿಳಿದುಕೊಂಡಿದ್ದೇನೆ. ಏಳು ನಿಮಿಷ ದೊಡ್ಡದಲ್ಲ. ಆದರೆ ಅಷ್ಟು ಹೊತ್ತಿಗೆ ಕಣ್ಣಿನಲ್ಲಿ ನಿದ್ದೆಯ ಎಳೆಯೂ ಉಳಿದಿರುವುದಿಲ್ಲ.

ರಾತ್ರಿ ಒಂದು ಸಲವೂ ಏಳದವನಿಗೆ ಇದೆಲ್ಲ ಒಂದು ದೋಷವೇ ಅಲ್ಲ. ಮೊದಲ ಎರಡು ತಿಂಗಳು ನನಗೂ ಆಗಿರಲಿಲ್ಲ. ದಸರೆಯ ರಜೆ ಮುಗಿಸಿ ಬಂದ ಮೇಲೆ ಹೇಗೋ ಶುರುವಾದದ್ದು ದೀಪಾವಳಿಯ ಹೊತ್ತಿಗೆ ದಿನವೂ ಎರಡು ಸಲ, ಕೆಲವು ದಿನ ಮೂರು ಸಲಕ್ಕೆ ಬಂದು ನಿಂತಿತು. ಇಪ್ಪತ್ತೆರಡು ವರ್ಷದವನು ಇದನ್ನು ಯಾರ ಮುಂದೆ ಹೇಳಿಕೊಳ್ಳಬೇಕು? ನಮ್ಮ ಕಡೆ ರಾತ್ರಿ ಪದೇ ಪದೇ ಏಳುವುದು ಮುದುಕರ ಪಾಡು, ಇಲ್ಲವೇ ಶುಗರ್ ಇರುವವರ ಪಾಡು ಎಂಬ ತಿಳಿವಳಿಕೆ ಇದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ನಾಕ್ಟೂರಿಯ ಎಂಬ ಹೆಸರಿದೆ, ಮತ್ತು ಅದು ವಯಸ್ಸಿನೊಂದಿಗೆ ಹೆಚ್ಚುತ್ತದೆ ಎಂಬುದೂ ನಿಜ. ಆದರೆ 2002ರಲ್ಲಿ ಇಂಟರ್‌ನ್ಯಾಷನಲ್ ಕಾಂಟಿನೆನ್ಸ್ ಸೊಸೈಟಿ ಕೊಟ್ಟ ವ್ಯಾಖ್ಯೆಯಲ್ಲಿ ವಯಸ್ಸಿನ ಮಾತೇ ಇಲ್ಲ. ಮೂತ್ರ ವಿಸರ್ಜನೆಗಾಗಿ ರಾತ್ರಿ ನಿದ್ದೆಯಿಂದ ಒಂದು ಸಲವಾದರೂ ಏಳಬೇಕಾದರೆ, ಹಾಗೆ ಎದ್ದದ್ದರ ಹಿಂದೆಯೂ ಮುಂದೆಯೂ ನಿದ್ದೆ ಇದ್ದರೆ, ಅದು ನಾಕ್ಟೂರಿಯ. ಒಂದು ಸಲ ಏಳುವುದು ಬಹಳ ಜನರಿಗೆ ತೊಂದರೆಯೆನಿಸುವುದಿಲ್ಲ, ಚಿಕಿತ್ಸೆಯೂ ಬೇಕಾಗುವುದಿಲ್ಲ. ಎರಡು ಸಲವಾದಾಗ ಹಗಲಿನ ಮೇಲೆ ಅದರ ನೆರಳು ಬೀಳತೊಡಗುತ್ತದೆ.

ನನ್ನ ಮೇಲೆ ಬಿದ್ದ ನೆರಳನ್ನು ವಿವರಿಸುತ್ತೇನೆ. ಹನ್ನೊಂದೂವರೆಗೆ ಮಲಗಿ ಆರೂಮುಕ್ಕಾಲಿಗೆ ಏಳುವವನು ಕಾಗದದ ಮೇಲೆ ಏಳು ಗಂಟೆಗೂ ಹೆಚ್ಚು ನಿದ್ದೆ ಮಾಡಿದವನೇ. 18ರಿಂದ 25 ವರ್ಷದವರಿಗೆ ತಜ್ಞರು ಹೇಳುವ ಏಳರಿಂದ ಒಂಬತ್ತು ಗಂಟೆಯ ಲೆಕ್ಕಕ್ಕೆ ಹೊಂದುವವನೇ. ಆದರೆ ನಿದ್ದೆ ಹಾಸಿಗೆಯ ಮೇಲೆ ಕಳೆದ ಗಂಟೆಗಳ ಮೊತ್ತವಲ್ಲ. ಸುಮಾರು 90 ನಿಮಿಷಕ್ಕೊಂದರಂತೆ ಸುತ್ತುಸುತ್ತಾಗಿ ಬರುವ ನಿದ್ದೆಯಲ್ಲಿ ಗಾಢನಿದ್ದೆಯ ಪಾಲು ಬಹುತೇಕ ರಾತ್ರಿಯ ಮೊದಲ ಮೂರನೆಯ ಒಂದು ಭಾಗದಲ್ಲೇ ಇರುತ್ತದೆ, ಕನಸಿನ ನಿದ್ದೆ ಬೆಳಗಿನ ಜಾವಕ್ಕೆ ಹೆಚ್ಚುತ್ತದೆ. ಹಗಲು ಓದಿದ್ದು, ಕೇಳಿದ್ದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುವ ಕೆಲಸಕ್ಕೆ ಈ ಎರಡೂ ಬೇಕು. ಆದ್ದರಿಂದಲೇ ವೈದ್ಯರು ಎಷ್ಟು ಸಲ ಎದ್ದಿರಿ ಎಂಬುದರ ಜೊತೆಗೆ ಮಲಗಿದ ಎಷ್ಟು ಹೊತ್ತಿಗೆ ಮೊದಲ ಸಲ ಎದ್ದಿರಿ ಎಂದೂ ಕೇಳುತ್ತಾರೆ. ಬೆಳಗಿನ ಐದಕ್ಕೆ ಒಮ್ಮೆ ಎದ್ದವನಿಗೂ ಮಲಗಿದ ಒಂದೂವರೆ ಗಂಟೆಗೇ ಎದ್ದವನಿಗೂ ಲೆಕ್ಕ ಒಂದೇ ಆದರೂ ನಷ್ಟ ಒಂದೇ ಅಲ್ಲ.

ಎಂ.ಕಾಂ. ಮೊದಲ ವರ್ಷದಲ್ಲಿ ನನಗೆ ಕಾಸ್ಟ್ ಅಕೌಂಟಿಂಗ್ ಪ್ರಿಯವಾದ ವಿಷಯವಾಗಿತ್ತು. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಪ್ರೋಸೆಸ್ ಕಾಸ್ಟಿಂಗ್‌ನ ಒಂದೇ ಲೆಕ್ಕವನ್ನು ಐದು ಸಲ ಓದಿದ್ದು ನೆನಪಿದೆ. ಸಾಮಾನ್ಯ ನಷ್ಟ ಎಷ್ಟು ಯೂನಿಟ್ ಎಂದು ಮೊದಲ ಸಾಲಿನಲ್ಲಿ ಓದಿದ್ದನ್ನು ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಮರೆತು, ಮತ್ತೆ ಮೇಲೆ ಹೋಗಿ, ಮತ್ತೆ ಕೆಳಗೆ ಬಂದು, ಕೊನೆಗೆ ಪೆನ್ಸಿಲಿನಿಂದ ಆ ಅಂಕಿಯ ಸುತ್ತ ಎಳೆದ ಗೆರೆ ಕಾಗದ ಹರಿಯುವಷ್ಟು ದಪ್ಪವಾಗಿತ್ತು. ತೂಕಡಿಕೆ ಎನ್ನಲಾಗದು, ಕಣ್ಣು ತೆರೆದೇ ಇತ್ತು. ಹಿಡಿದದ್ದು ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟೆ. ಮೊದಲ ಆಂತರಿಕ ಪರೀಕ್ಷೆಯಲ್ಲಿ 20ಕ್ಕೆ 11 ಬಂತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಮಧ್ಯಾಹ್ನದ ಹೊತ್ತು ಸಣ್ಣ ಮಾತಿಗೂ ಸಿಡುಕುವ ಸ್ವಭಾವ. ಊರಿನಿಂದ ಅವ್ವ ಫೋನು ಮಾಡಿದಾಗ ಊಟ ಆಯಿತೇ ಎಂದು ಎರಡು ಸಲ ಕೇಳಿದ್ದಕ್ಕೆ ರೇಗಿದ್ದೆ.

ನಾನೊಬ್ಬನೇ ಏಳುತ್ತಿದ್ದೆ ಎಂದು ಬರೆದರೆ ಅರ್ಧ ಸತ್ಯವಾಗುತ್ತದೆ. ಆ ಚಿಲಕ ಬಿಟ್ಟುಕೊಂಡಾಗಲೆಲ್ಲ ಬಾಗಿಲ ಪಕ್ಕದ ಮಂಚದ ಗೆಳೆಯನೂ ಏಳುತ್ತಿದ್ದ. ಏನೂ ಅನ್ನುತ್ತಿರಲಿಲ್ಲ, ಮಗ್ಗುಲು ಬದಲಿಸಿ ಚಾದರ ಎಳೆದುಕೊಳ್ಳುತ್ತಿದ್ದ, ಅದೇ ಹೆಚ್ಚು ನಾಚಿಕೆ ತರಿಸುತ್ತಿತ್ತು. ಮೂರನೆಯವನದು ಬೇರೆ ದಾರಿ. ಅವನು ಎಚ್ಚರವಾದರೂ ಕತ್ತಲಿನ ಮೆಟ್ಟಿಲಿಗೆ ಹೆದರಿ, ಬೆಳಗಾಗುವವರೆಗೆ ತಡೆದುಕೊಂಡು ಮಲಗಿರುತ್ತಿದ್ದ. ಹಾಗೆ ತಡೆದುಕೊಂಡು ಮಲಗುವುದು ಮಲಗಿದಂತೆಯೇ ಅಲ್ಲ ಎಂದು ಅವನೇ ಒಮ್ಮೆ ಹೇಳಿದ. ಹೀಗೆ ಒಂದು ಚಿಲಕ, ಒಂದು ತಪ್ಪು ಜಾಗದ ಸ್ವಿಚ್ಚು ಸೇರಿ ಮೂವರ ಓದಿನ ಮೇಲೆ ಮೂರು ರೀತಿಯ ತೆರಿಗೆ ಹಾಕುತ್ತಿದ್ದವು.

ಮನೆಯ ಯಜಮಾನತಿಯನ್ನು ನಾವೆಲ್ಲ ಅಮ್ಮ ಎಂದೇ ಕರೆಯುತ್ತೇವೆ. ಕೆಳಗಿನ ಕೋಣೆಯಲ್ಲಿ ಮಲಗುವ ಅವರಿಗೂ ಸದ್ದು ಕೇಳಿಸಿತ್ತು. ಒಂದು ದಿನ ಉಪ್ಪಿಟ್ಟು ಬಡಿಸುತ್ತ ಎಲ್ಲರ ಮುಂದೆಯೇ ಕೇಳಿದರು: "ಯಾಕಪ್ಪಾ, ರಾತ್ರಿ ಎಲ್ಡೆಲ್ಡು ಸಲ ಚಿಲ್ಕ ಸಪ್ಪಳಾಗ್ತೈತಲ್ಲ, ನಿನಗೇನು ನಿದ್ದಿ ಬರಂಗಿಲ್ಲೇನು?" ವಿಷಯ ತಿಳಿದ ಮೇಲೆ ಅವರು ಕೊಟ್ಟ ಸಲಹೆ ಎಲ್ಲರೂ ಕೊಡುವಂಥದ್ದೇ, ನೀರು ಕಡಿಮೆ ಕುಡಿ ಎಂದು. ಮೂರು ದಿನ ಹಾಗೆಯೇ ಮಾಡಿದೆ. ತಲೆನೋವು ಬಂತು, ಮೂತ್ರ ಗಾಢ ಹಳದಿಯಾಗಿ ಉರಿಯತೊಡಗಿತು, ರಾತ್ರಿ ಏಳುವುದು ಮಾತ್ರ ನಿಲ್ಲಲಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಚಳಿಗಾಲದ ಮಧ್ಯಾಹ್ನವೂ ಬಿಸಿಲು ಚುರುಗುಟ್ಟುವ ಬಳ್ಳಾರಿಯಂಥ ಊರಿನಲ್ಲಿ ಒಟ್ಟು ನೀರನ್ನೇ ಕಡಿಮೆ ಮಾಡು ಎನ್ನುವ ಸಲಹೆ ಎಷ್ಟು ಅಕ್ಕರೆಯಿಂದ ಬಂದಿದ್ದರೂ ತಪ್ಪು. ನೀರು ಸಾಲದೆ ಮೂತ್ರ ಗಟ್ಟಿಯಾದರೆ ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚುತ್ತದೆ. ಬಿಸಿಲಿನ ಸೀಮೆಯ ನಮಗೆ ಅದು ಅಪರೂಪದ ಸುದ್ದಿಯೂ ಅಲ್ಲ. ಕಲ್ಲಿನ ನೋವಿಗೆ ನೆಲದ ಮೇಲೆ ಹೊರಳಾಡಿದ ಮಾವನೋ ಚಿಕ್ಕಪ್ಪನೋ ಒಬ್ಬರು ಬಹಳ ಮನೆಗಳಲ್ಲಿ ಸಿಗುತ್ತಾರೆ.

ಉರಿ ಶುರುವಾದದ್ದರಿಂದಲೇ ವೈದ್ಯರ ಬಳಿ ಹೋದೆ, ಇಲ್ಲದಿದ್ದರೆ ನಾಚಿಕೆಯಲ್ಲೇ ವರ್ಷ ಕಳೆಯುತ್ತಿತ್ತು. ಅವರು ಮೊದಲು ಮಾಡಿಸಿದ್ದು ಮೂತ್ರ ಪರೀಕ್ಷೆ ಮತ್ತು ಬರಿಹೊಟ್ಟೆಯ ಸಕ್ಕರೆಯ ಪರೀಕ್ಷೆ. ಸೋಂಕು ಇರಲಿಲ್ಲ. ಸಕ್ಕರೆ 88 ಇತ್ತು. ಬರಿಹೊಟ್ಟೆಯಲ್ಲಿ 100ರ ಒಳಗಿದ್ದರೆ ಸರಿ, 126 ಅಥವಾ ಅದಕ್ಕಿಂತ ಹೆಚ್ಚಿದ್ದು ಮತ್ತೊಮ್ಮೆ ಪರೀಕ್ಷಿಸಿದಾಗಲೂ ಹಾಗೆಯೇ ಬಂದರೆ ಅದನ್ನು ಸಕ್ಕರೆ ಕಾಯಿಲೆ ಎನ್ನುತ್ತಾರೆ. ಈ ಪರೀಕ್ಷೆಗಳನ್ನು ದಾಟದೆ ಮುಂದಿನ ಮಾತನ್ನು ಯಾರೂ ತಮ್ಮ ಮೇಲೆ ಪ್ರಯೋಗಿಸಿಕೊಳ್ಳಬಾರದು. ವಿಪರೀತ ಬಾಯಾರಿಕೆಯೊಂದಿಗೆ ಹಗಲೂ ರಾತ್ರಿಯೂ ಧಾರಾಳವಾಗಿ ಹೋಗುತ್ತಿದ್ದರೆ, ಇದ್ದಕ್ಕಿದ್ದಂತೆ ತೂಕ ಇಳಿದರೆ, ಉರಿ, ಜ್ವರ, ಸೊಂಟದ ನೋವು ಅಥವಾ ರಕ್ತದ ಬಣ್ಣ ಕಂಡರೆ, ಅದು ವಸತಿಯ ತಪ್ಪೋ ಚಿಲಕದ ತಪ್ಪೋ ಎಂದು ಯೋಚಿಸುತ್ತ ಕೂರುವ ಸಮಯವಲ್ಲ. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟುವವರಿಗೂ ರಾತ್ರಿಯ ಮೂತ್ರ ಹೆಚ್ಚಾಗುತ್ತದೆ ಎಂದು ಅವರು ಹೇಳಿ, ನಾನು ಗೊರಕೆ ಹೊಡೆಯುತ್ತೇನೆಯೇ ಎಂದು ಗೆಳೆಯರನ್ನು ಕೇಳಿ ಬರಲು ತಿಳಿಸಿದರು. ಗೆಳೆಯರು ಇಲ್ಲವೆಂದರು. ಮಾತ್ರೆ ಬರೆದುಕೊಡುತ್ತಾರೆಂದು ಕಾದರೆ, ಅವರು ಕೊಟ್ಟದ್ದು ಒಂದು ಖಾಲಿ ಕಾಗದ. ಮೂರು ದಿನ, ಇಪ್ಪತ್ತನಾಲ್ಕು ಗಂಟೆಯೂ, ಏನನ್ನು ಎಷ್ಟು ಹೊತ್ತಿಗೆ ಎಷ್ಟು ಕುಡಿದೆ, ಎಷ್ಟು ಹೊತ್ತಿಗೆ ಎಷ್ಟು ಹೋಯಿತು ಎಂದು ಅಳೆದು ಬರೆ ಎಂದರು.

ಅಳೆಯುವ ಪಾತ್ರೆ ಕೊಳ್ಳಲು ಅಂಗಡಿಗೆ ಹೋಗಿ, ಯಾವುದಕ್ಕೆ ಎಂದು ಅಂಗಡಿಯವರು ಕೇಳಿದರೆ ಏನು ಹೇಳುವುದೆಂದು ತೋಚದೆ ಬರಿಗೈಯಲ್ಲಿ ವಾಪಸಾದೆ. ಕೊನೆಗೆ ಅಡುಗೆಮನೆಯಿಂದ ಎಸೆದಿದ್ದ ಒಂದು ಲೀಟರಿನ ಎಣ್ಣೆ ಬಾಟಲಿಯ ಕತ್ತು ಕೊಯ್ದು, 200 ಮಿಲಿಲೀಟರಿನ ನೀರಿನ ಬಾಟಲಿಯಿಂದ ಸುರಿದು ಸುರಿದು ಮಾರ್ಕರಿನಲ್ಲಿ ಗೆರೆ ಎಳೆದು, ನಡುವಿನ ಗೆರೆಗಳನ್ನು ಕಣ್ಣಳತೆಯಲ್ಲಿ ಹಾಕಿಕೊಂಡೆ. ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಹದಿನಾರು ಮೆಟ್ಟಿಲು ಇಳಿಯುವಾಗ ಎದುರಾದವರೆಲ್ಲ ಏನದು ಎಂದು ಕೇಳುತ್ತಿದ್ದರು. ಮೂರನೆಯ ದಿನದ ಹೊತ್ತಿಗೆ ಇಡೀ ಮನೆಗೆ ಗೊತ್ತಾಗಿ, ನನಗೆ ಲೀಟರ್ ಎಂಬ ಅಡ್ಡಹೆಸರೂ ಬಿದ್ದಿತು.

ನಾಚಿಕೆಗೆ ತಕ್ಕ ಫಲವೂ ಸಿಕ್ಕಿತು. ಸೋಮವಾರದ ಪುಟವನ್ನೇ ಉದಾಹರಣೆಗೆ ಕೊಡುತ್ತೇನೆ. ರಾತ್ರಿ 11.30ಕ್ಕೆ ಮಲಗಿದ್ದು. 2.05ಕ್ಕೆ ಎದ್ದಾಗ 280 ಮಿಲಿಲೀಟರ್, 4.20ಕ್ಕೆ 310, ಬೆಳಿಗ್ಗೆ 6.45ಕ್ಕೆ ಎದ್ದ ಕೂಡಲೇ 350. ರಾತ್ರಿ ತಯಾರಾದ ಮೂತ್ರದ ಲೆಕ್ಕದಲ್ಲಿ ಬೆಳಗಿನ ಮೊದಲ ಸಲದ್ದನ್ನೂ ಸೇರಿಸಬೇಕಂತೆ. ಹಾಗೆ ಸೇರಿಸಿದರೆ 940. ಇಡೀ ದಿನದ ಮೊತ್ತ 2,450. ಅಂದರೆ ಶೇಕಡ 38ರಷ್ಟು ನಿದ್ದೆಯ ಹೊತ್ತಿನಲ್ಲೇ ತಯಾರಾಗಿತ್ತು. ಸಾಮಾನ್ಯವಾಗಿ ರಾತ್ರಿಯ ಹೊತ್ತು ಮೆದುಳಿನಿಂದ ವಾಸೋಪ್ರೆಸಿನ್ ಎಂಬ ಹಾರ್ಮೋನು ಹೆಚ್ಚಾಗಿ ಬಿಡುಗಡೆಯಾಗಿ, ನೀರನ್ನು ದೇಹದಲ್ಲೇ ಉಳಿಸಿಕೊಳ್ಳುವಂತೆ ಮೂತ್ರಪಿಂಡಕ್ಕೆ ಸೂಚನೆ ಕೊಡುತ್ತದೆ. ಹಾಗಾಗಿ ಯುವಕರಲ್ಲಿ ರಾತ್ರಿಯ ಪಾಲು ಶೇಕಡ 20ರ ಆಸುಪಾಸಿನಲ್ಲಿರಬೇಕು, 65 ದಾಟಿದವರಲ್ಲಿ ಮಾತ್ರ ಶೇಕಡ 33ರವರೆಗೆ ಒಪ್ಪುತ್ತಾರೆ. ನನ್ನದು ಅಜ್ಜಂದಿರ ಮಿತಿಯನ್ನೂ ಮೀರಿತ್ತು. ಆದರೆ ಒಂದೊಂದು ಸಲಕ್ಕೆ 300ರ ಹತ್ತಿರ ಹೋಗುತ್ತಿದ್ದದ್ದರಿಂದ ಮೂತ್ರಕೋಶ ಚೆನ್ನಾಗಿಯೇ ಹಿಡಿದಿಟ್ಟುಕೊಳ್ಳುತ್ತಿದೆ ಎಂದು ವೈದ್ಯರು ಹೇಳಿದರು. ಸ್ವಲ್ಪಸ್ವಲ್ಪವೇ, ಐವತ್ತು ನೂರರಂತೆ ಪದೇ ಪದೇ ಹೋಗುತ್ತಿದ್ದರೆ ಬೇರೆ ಕಾರಣ ಹುಡುಕಬೇಕಾಗುತ್ತಿತ್ತು. ಪಾತ್ರೆ ಸರಿಯಾಗಿತ್ತು, ಅದರೊಳಗೆ ಹೊತ್ತಲ್ಲದ ಹೊತ್ತಿನಲ್ಲಿ ಸುರಿಯಲಾಗುತ್ತಿತ್ತು.

ಸುರಿಯುತ್ತಿದ್ದವರು ಯಾರು? ಕಾಗದದ ಎಡಭಾಗದಲ್ಲಿ, ಕುಡಿದದ್ದರ ಪಟ್ಟಿಯಲ್ಲಿ, ಉತ್ತರವಿತ್ತು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ನಾನು ಕುಡಿದದ್ದು ಒಂದು ಲೀಟರಿಗೂ ಕಡಿಮೆ, ಸಂಜೆ ಆರರಿಂದ ಮಲಗುವವರೆಗೆ ಎರಡು ಲೀಟರಿಗೂ ಹೆಚ್ಚು. ಹಗಲು ತರಗತಿಯ ನಡುವೆ ಎದ್ದು ಹೋಗುವ ಸಂಕೋಚಕ್ಕೆ ನೀರು ಕುಡಿಯದೆ, ಬಿಸಿಲಿನಲ್ಲಿ ಬೆವರಿ ಬತ್ತಿ ಮನೆಗೆ ಬಂದವನಿಗೆ ಈ ವಸತಿಯ ದಿನಚರಿ ಸಂಜೆಯ ಮೇಲೆಯೇ ಎಲ್ಲವನ್ನೂ ಒದಗಿಸುತ್ತಿತ್ತು. ತುಂಗಭದ್ರಾ ಕಾಲುವೆಯಿಂದ ಅಲ್ಲೀಪುರದ ಕೆರೆಗೆ ಬಂದು ಊರಿಗೆ ಹರಿಯುವ ನಲ್ಲಿ ನೀರು ದಿನವೂ ಬರುವುದಿಲ್ಲವಾದ್ದರಿಂದ, ಬಂದರೂ ಅದನ್ನು ಕುಡಿಯಲು ಬಳಸುವುದಿಲ್ಲವಾದ್ದರಿಂದ, ಯಜಮಾನರು ಶುದ್ಧ ನೀರಿನ ಘಟಕದಿಂದ 20 ಲೀಟರಿನ ಎರಡು ಕ್ಯಾನುಗಳನ್ನು ಸ್ಕೂಟರಿನಲ್ಲಿ ತರುತ್ತಾರೆ. ಅವರು ತರುತ್ತಿದ್ದದ್ದು ಸಂಜೆ ಆರಕ್ಕೆ. ಹನ್ನೊಂದು ಹುಡುಗರು ರಾತ್ರಿಯಿಡೀ ಕುಡಿದು, ಬಾಟಲಿ ತುಂಬಿಟ್ಟು, ಬೆಳಿಗ್ಗೆ ಒಂಬತ್ತಕ್ಕೆ ತರಗತಿಗೆ ಹೊರಡುವವನಿಗೆ ಕ್ಯಾನಿನ ತಳದಲ್ಲಿ ಎರಡು ಲೋಟ ಉಳಿದಿದ್ದರೆ ಪುಣ್ಯ. ಬಿಸಿಲಿಗೆ ಹೋಗುವಾಗ ಖಾಲಿ ಬಾಟಲಿ, ಮಲಗಲು ಹೋಗುವಾಗ ತುಂಬಿದ ಬಾಟಲಿ. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ; ಯಜಮಾನರ ಕೆಲಸ ಮುಗಿಯುವ ಹೊತ್ತು ಅದು, ಅಷ್ಟೆ.

ಊಟದ ವೇಳೆಯೂ ಹಾಗೆಯೇ. ರಾತ್ರಿಯ ಊಟ ಒಂಬತ್ತೂವರೆಗೆ. ರುಚಿಯಲ್ಲಿ ಕೊರತೆಯಿಲ್ಲ ಎಂದು ಮೊದಲೇ ಹೇಳಿದ್ದೇನೆ, ಆದರೆ ರೊಟ್ಟಿಯ ಜೊತೆಗೆ ಶೇಂಗಾ ಚಟ್ನಿಪುಡಿ, ಮಾವಿನಕಾಯಿ ಉಪ್ಪಿನಕಾಯಿ, ಹುರಿದ ಮಜ್ಜಿಗೆ ಮೆಣಸಿನಕಾಯಿ, ಕೊನೆಗೆ ಉಪ್ಪು ಬೆರೆಸಿದ ಮಜ್ಜಿಗೆ ಎರಡು ಲೋಟ. ಉಪ್ಪಿಗೂ ಇದಕ್ಕೂ ಸಂಬಂಧವಿದೆ ಎಂಬುದು ನನಗೆ ಹೊಸ ಸಂಗತಿಯಾಗಿತ್ತು. ಜಪಾನಿನ ನಾಗಾಸಾಕಿ ವಿಶ್ವವಿದ್ಯಾಲಯದ ವೈದ್ಯರು 2017ರಲ್ಲಿ ಲಂಡನ್ನಿನಲ್ಲಿ ನಡೆದ ಯುರೋಪಿನ ಮೂತ್ರಶಾಸ್ತ್ರ ತಜ್ಞರ ಸಮ್ಮೇಳನದಲ್ಲಿ ಮಂಡಿಸಿದ ಅಧ್ಯಯನದ ಪ್ರಕಾರ, ದಿನದ ಉಪ್ಪನ್ನು 10.7 ಗ್ರಾಮಿನಿಂದ 8 ಗ್ರಾಮಿಗೆ ಇಳಿಸಿದವರಲ್ಲಿ ರಾತ್ರಿ ಏಳುವುದು ಸರಾಸರಿ 2.3 ಸಲದಿಂದ 1.4 ಸಲಕ್ಕೆ ಇಳಿದಿತ್ತು. ಅವರು ನಮ್ಮಂಥ ವಿದ್ಯಾರ್ಥಿಗಳಲ್ಲ, ನಿದ್ದೆಯ ತೊಂದರೆಯಿದ್ದು ಉಪ್ಪು ಹೆಚ್ಚು ತಿನ್ನುತ್ತಿದ್ದ ರೋಗಿಗಳು ಎಂಬುದನ್ನು ಮರೆಯಬಾರದು. ಆದರೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಮಿನ ಮಿತಿಯನ್ನು ಆ ಒಂದೇ ಊಟದಲ್ಲಿ ನಾನು ಎಷ್ಟರಮಟ್ಟಿಗೆ ಮುಟ್ಟುತ್ತಿದ್ದೆನೋ ಎಂದು ಯೋಚನೆಯಾಯಿತು. ಊಟದ ಮೇಲೆ, ಓದಲೆಂದು, ಹತ್ತೂವರೆಗೆ ಒಂದು ಲೋಟ ಗಟ್ಟಿ ಚಹಾ. ಅದನ್ನು ಅಮ್ಮ ಪ್ರೀತಿಯಿಂದ ಪುಕ್ಕಟೆಯಾಗಿ ಕೊಡುತ್ತಾರೆ, ಪರೀಕ್ಷೆಯ ದಿನಗಳಲ್ಲಿ ಎರಡು ಸಲ. ಕೆಫೀನಿನ ಅರ್ಧಭಾಗ ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಅದು ನಿದ್ದೆಯನ್ನು ತೆಳುವಾಗಿಸುತ್ತದೆ, ತೆಳುವಾದ ನಿದ್ದೆಯಲ್ಲಿ ಮೂತ್ರಕೋಶದ ಸಣ್ಣ ಕರೆಯೂ ದೊಡ್ಡದಾಗಿ ಕೇಳಿಸುತ್ತದೆ.

ನಾನು ಇದನ್ನೆಲ್ಲ ನಂಬಿದ್ದು ಭಾನುವಾರದ ಪುಟ ನೋಡಿದ ಮೇಲೆ. ಭಾನುವಾರ ರಾತ್ರಿ ಈ ವಸತಿಯಲ್ಲಿ ಒಲೆ ಹಚ್ಚುವುದಿಲ್ಲ. ಮಧ್ಯಾಹ್ನದ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ಏಳು ಗಂಟೆಗೇ ತಿಂದು ಮುಗಿಸಿದ್ದೆ, ಚಹಾ ಇರಲಿಲ್ಲ, ಹಗಲೆಲ್ಲ ಮನೆಯಲ್ಲೇ ಇದ್ದುದರಿಂದ ನೀರು ಕುಡಿಯುವುದಕ್ಕೆ ಸಂಕೋಚವೂ ಇರಲಿಲ್ಲ. ಆ ರಾತ್ರಿ ಎದ್ದದ್ದು ಒಂದೇ ಸಲ, ನಾಲ್ಕೂಮುಕ್ಕಾಲಿಗೆ. ಊಟ ಸಿಗದ ದಿನವೇ ಒಳ್ಳೆಯ ನಿದ್ದೆ ಬಂತೆಂದು ಊಟಕ್ಕೆ ಹೆಸರಾದ ವಸತಿಯ ಬಗ್ಗೆ ಬರೆಯುವುದು ವಿಚಿತ್ರವಾಗಿ ಕಾಣಬಹುದು.

ಇಲ್ಲಿಂದ ಮುಂದೆ ಈ ವಸತಿಯನ್ನು ಹೊಗಳಬೇಕಾಗಿದೆ. ಕಾಗದವನ್ನು ಅಮ್ಮನಿಗೆ ತೋರಿಸಿ, ನೀರನ್ನು ಕಡಿಮೆ ಮಾಡುವುದಲ್ಲ, ಹಗಲಿಗೆ ಸರಿಸುವುದು ಎಂದು ವಿವರಿಸಿದಾಗ ಅವರು ಅಂಕಿಗಳನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. "ಅದ್ಕೇನಪ್ಪಾ, ನಿಂದು ಎಂಟಕ್ಕೇ ತೆಗ್ದಿಡ್ತೀನಿ. ಆದ್ರೆ ರೊಟ್ಟಿ ಬಿಸಿ ಇರಂಗಿಲ್ಲ ನೋಡು" ಎಂದರು. ಒಂದು ವಾರದಲ್ಲಿ ಎಂಟು ಗಂಟೆಯ ಪಂಕ್ತಿಯಲ್ಲಿ ನನ್ನ ಜೊತೆ ಇನ್ನೂ ನಾಲ್ವರು ಕೂತಿದ್ದರು, ರೊಟ್ಟಿಯೂ ಬಿಸಿಯಾಗಿಯೇ ಬರತೊಡಗಿತು. ಕ್ಯಾನಿನ ವಿಷಯ ಯಜಮಾನರಿಗೆ ಮೊದಲು ಕಿರಿಕಿರಿಯಾಯಿತು, ಬೆಳಿಗ್ಗೆ ಘಟಕದ ಮುಂದೆ ಸಾಲು ಉದ್ದವಿರುತ್ತದೆ ಎಂದರು; ಕೊನೆಗೆ ಒಂದು ಕ್ಯಾನು ಬೆಳಿಗ್ಗೆ ಏಳಕ್ಕೆ, ಇನ್ನೊಂದು ಸಂಜೆ ಎಂಬ ರಾಜಿಯಾಯಿತು. ಚಿಲಕಕ್ಕೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಬಾಗಿಲಿನ ಕೆಳ ಅಂಚನ್ನು ಬಡಗಿಯಿಂದ ಉಜ್ಜಿಸಿದರು. ಮೆಟ್ಟಿಲಿನ ತಲೆಯಲ್ಲಿ ಒಂದು ಸಣ್ಣ ಹಳದಿ ಬಲ್ಬು ಹಾಕಿಸಿದರು, ರಾತ್ರಿಯಿಡೀ ಉರಿಯುತ್ತದೆ. ಆ ಬಲ್ಬಿನ ಬೆಳಕು ಹಿತ್ತಲಿನವರೆಗೂ ಮಂದವಾಗಿ ಬೀಳುವುದರಿಂದ ರಾಚುವ ಟ್ಯೂಬ್‌ಲೈಟ್ ಹಾಕುವ ಅಗತ್ಯ ತಪ್ಪಿತು. ಪ್ರಖರ ಬೆಳಕು ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಅನ್ನು ಅಡಗಿಸುತ್ತದೆ ಎಂದು ಓದಿದ್ದೆ, ಹಾಗಾಗಿ ಇದನ್ನು ನಾನು ಚಿಲಕದ ಎಣ್ಣೆಗಿಂತ ದೊಡ್ಡ ಉಪಕಾರವೆಂದು ಎಣಿಸುತ್ತೇನೆ. ಎದ್ದಾಗ ಮೊಬೈಲಿನಲ್ಲಿ ಎಷ್ಟು ಗಂಟೆ ಎಂದು ನೋಡಿ, ನೋಡಿದ ಮೇಲೆ ಇನ್ನೊಂದೆರಡು ನೋಡಿ, ಅರ್ಧ ಗಂಟೆ ಕಳೆಯುತ್ತಿದ್ದದ್ದು ಮಾತ್ರ ನನ್ನದೇ ತಪ್ಪು. ಅದಕ್ಕೆ ವಸತಿಯವರು ಹೊಣೆಯಲ್ಲ. ಫೋನನ್ನು ಕಿಟಕಿಯ ಮೇಲಿಟ್ಟು ಮಲಗತೊಡಗಿದೆ.

ಫೆಬ್ರವರಿಯ ಹೊತ್ತಿಗೆ ಏಳುವುದು ಒಂದು ಸಲಕ್ಕೆ ಇಳಿಯಿತು, ಅದೂ ಹೆಚ್ಚಿನ ದಿನ ಬೆಳಗಿನ ಜಾವದಲ್ಲಿ. ಕೆಲವು ರಾತ್ರಿ ಏಳಲೇ ಇಲ್ಲ. ಎರಡನೆಯ ಸೆಮಿಸ್ಟರಿನ ಆಂತರಿಕ ಪರೀಕ್ಷೆಯಲ್ಲಿ 20ಕ್ಕೆ 16 ಬಂತು. ವಿಷಯ ಬೇರೆ, ಮೇಷ್ಟರು ಬೇರೆ, ನಾನೂ ಹೆಚ್ಚು ಹೆದರಿ ಓದಿದ್ದೆ, ಆದ್ದರಿಂದ ಆ ಐದು ಅಂಕಗಳನ್ನು ಚಿಲಕದ ಖಾತೆಗೆ ಜಮಾ ಮಾಡುವುದು ಅಕೌಂಟೆನ್ಸಿ ಓದುವವನಿಗೆ ಶೋಭಿಸುವುದಿಲ್ಲ. ಖಾತರಿಯಾಗಿ ಹೇಳಬಹುದಾದದ್ದು ಬೆಳಿಗ್ಗೆ ಲೆಕ್ಕವನ್ನು ಒಂದೇ ಸಲ ಓದಿದರೆ ಸಾಕಾಗುತ್ತಿತ್ತು ಎಂಬುದನ್ನು ಮಾತ್ರ.

ಏಪ್ರಿಲಿನಲ್ಲಿ ಮತ್ತೆ ಕೆಟ್ಟಿತು, ಬೇರೆ ಕಾರಣಕ್ಕೆ. ಮಾಳಿಗೆಯ ಕಾವು ರಾತ್ರಿ ಹನ್ನೆರಡಾದರೂ ಕೋಣೆಯೊಳಗೆ ಇಳಿಯುತ್ತಿರುತ್ತದೆ. ಮೂವರೂ ಪಾಲು ಹಾಕಿ ಬಾಡಿಗೆಗೆ ತಂದ ಕೂಲರು ಲಾರಿಯಂತೆ ಗುಡುಗುತ್ತದೆ, ಕರೆಂಟು ಹೋದಾಗ ಅದರ ಸದ್ದು ನಿಂತದ್ದಕ್ಕೇ ಎಚ್ಚರವಾಗುತ್ತದೆ. ಎಚ್ಚರವಾದವನು ಹೇಗೂ ಎದ್ದಿದ್ದೇನಲ್ಲ ಎಂದು ಹಿತ್ತಲಿಗೆ ಹೋಗಿ ಬರುತ್ತಾನೆ. ಹೋಗಬೇಕಾಗಿ ಎಚ್ಚರವಾಯಿತೋ, ಎಚ್ಚರವಾದದ್ದಕ್ಕೆ ಹೋದೆವೋ ಎಂಬ ವ್ಯತ್ಯಾಸವನ್ನು ಆ ಎಣ್ಣೆ ಬಾಟಲಿಯೇ ನನಗೆ ಕಲಿಸಿತ್ತು. ಬೇಸಿಗೆಯಲ್ಲಿ ಅಳೆದಾಗ ಒಂದೊಂದು ಸಲಕ್ಕೆ ನೂರು ದಾಟುತ್ತಿರಲಿಲ್ಲ. ಅದು ಮೂತ್ರದ ತೊಂದರೆಯಲ್ಲ, ಮಾಳಿಗೆಯ ತೊಂದರೆ. ಮಾಳಿಗೆಗೆ ಸುಣ್ಣ ಬಳಿಸಿ ಎಂದು ಕೇಳಿದ್ದಕ್ಕೆ ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂದಿದೆ.

ಬದಲಾಗದೆ ಉಳಿದ ದೋಷಗಳನ್ನೂ ದಾಖಲಿಸಬೇಕು. ಹನ್ನೊಂದು ಜನರಿಗೆ ಎರಡೇ ಶೌಚಾಲಯ, ಅವುಗಳಲ್ಲಿ ಒಂದರ ಅಗುಳಿ ಇನ್ನೂ ನಿಲ್ಲುವುದಿಲ್ಲ, ಕೆಮ್ಮುತ್ತ ಕೂರಬೇಕು. ಕೈತೊಳೆಯುವಲ್ಲಿ ಸಾಬೂನು ಇಡುವುದಿಲ್ಲ. ಮಳೆ ಬಂದರೆ ಮೆಟ್ಟಿಲಿಗೆ ಮರೆಯಿಲ್ಲ. ಇದೇ ದಂಪತಿ ಹಿಂದಿನ ಓಣಿಯಲ್ಲಿ ಹುಡುಗಿಯರಿಗೂ ಒಂದು ಮನೆ ನಡೆಸುತ್ತಾರೆ. ಅಲ್ಲಿರುವ ನನ್ನ ಸಹಪಾಠಿಯೊಬ್ಬರು, ಹಿತ್ತಲಿಗೆ ಇಳಿಯಲು ಹೆದರಿ ಸಂಜೆ ಐದರ ಮೇಲೆ ನೀರನ್ನೇ ಮುಟ್ಟದ ಹುಡುಗಿಯರಿದ್ದಾರೆ ಎಂದರು. ನೀರು ಕುಡಿಯದೆ, ಬಂದದ್ದನ್ನು ತಡೆದುಕೊಂಡು ಇರುವುದು ಉರಿಮೂತ್ರದ ಸೋಂಕಿಗೆ ದಾರಿ ಮಾಡಿಕೊಡುತ್ತದೆ, ಮತ್ತು ಆ ಸೋಂಕು ಹೆಣ್ಣುಮಕ್ಕಳನ್ನೇ ಹೆಚ್ಚು ಕಾಡುತ್ತದೆ. ಆ ಮನೆಯ ಮೆಟ್ಟಿಲಿಗೂ ಒಂದು ಹಳದಿ ಬಲ್ಬು ಬೇಕೆಂದು ನಾನು ಅಮ್ಮನಿಗೆ ಎರಡು ಸಲ ಹೇಳಿದ್ದೇನೆ. ಮೇ ತಿಂಗಳ ಕೊನೆಯವರೆಗೂ ಹಾಕಿರಲಿಲ್ಲ. ಈ ಒಂದು ಕಾರಣಕ್ಕೆ ಹುಡುಗಿಯರ ಮನೆಯನ್ನು ನಾನು ಶಿಫಾರಸು ಮಾಡುವುದಿಲ್ಲ.

ಹುಡುಗರ ಮನೆಯನ್ನು ಮಾಡುತ್ತೇನೆ, ನೋಡಲು ಹೋಗುವವರು ಹಗಲು ಹನ್ನೊಂದಕ್ಕೆ ಹೋಗದೆ ರಾತ್ರಿ ಎಂಟರ ಮೇಲೆ ಹೋಗಿ, ತಾವು ಮಲಗುವ ಮಂಚದಿಂದ ಹಿತ್ತಲಿನವರೆಗೆ ಒಮ್ಮೆ ನಡೆದು ನೋಡುವುದಾದರೆ. ನಾನಂತೂ ಎರಡನೆಯ ವರ್ಷಕ್ಕೂ ಮುಂಗಡವನ್ನು ಅಲ್ಲೇ ಉಳಿಸಿ ಬಂದಿದ್ದೇನೆ. ಕೆಳಗಿನ ಮಹಡಿಯಲ್ಲಿ, ಶೌಚಾಲಯಕ್ಕೆ ಹತ್ತೇ ಹೆಜ್ಜೆಯ ಕೋಣೆಯೊಂದು ಖಾಲಿಯಾಗಿದೆ, ಬೇಕಾದರೆ ಅದನ್ನೇ ಕೊಡುತ್ತೇನೆ ಎಂದು ಅಮ್ಮ ಹೇಳಿದರು. ಹೋಗಿ ನೋಡಿದೆ. ಅದರ ಗೋಡೆಯ ಆಚೆ ಅಡುಗೆಮನೆ, ಬೆಳಿಗ್ಗೆ ಐದಕ್ಕೆ ಗ್ರೈಂಡರ್ ಶುರುವಾಗುತ್ತದೆ. ಹದಿನಾರು ಮೆಟ್ಟಿಲೇ ಇರಲಿ ಎಂದೆ.